ತಿಳಿವಳಿಕೆ ಪಕ್ಕದ ಸೀಮೆಗೆ ಹೋಗುವ ದಾರಿ

(ಇದು ನಾನು ಕೊಟ್ಟ ಒಂದು ಉಪನ್ಯಾಸದ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ದಾರದ ಕಥೆಯಿಂದ ಶುರು ಮಾಡುತ್ತೇನೆ.

ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ವ್ಲಾದಿಮಿರ್ ಬ್ರಗಿನ್‌ಸ್ಕಿ ಎಂಬ ಭೌತವಿಜ್ಞಾನಿ ಇದ್ದರು. ಅವರ ತಂಡ ನೀಲಮಣಿ ಹರಳಿನ ಒಂದು ಗುಣವನ್ನು ಅಳೆಯುತ್ತಿತ್ತು. ಗಂಟೆ ಬಾರಿಸಿದಾಗ ಅದರ ನಾದ ಸ್ವಲ್ಪ ಹೊತ್ತು ಉಳಿಯುತ್ತದೆ, ಅಲ್ವಾ? ಹಾಗೆಯೇ ಹರಳನ್ನು ಅದುರಿಸಿ ಬಿಟ್ಟರೆ ಆ ಅದುರು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಆ ಗುಣ. ಗುರುತ್ವ ತರಂಗಗಳನ್ನು ಹಿಡಿಯುವ ಉಪಕರಣ ಕಟ್ಟುವವರಿಗೆ ಇದು ಬಹಳ ಮುಖ್ಯ. ಮಾಸ್ಕೋದವರು 1970ರ ದಶಕದಲ್ಲೇ ತುಂಬಾ ದೊಡ್ಡ ಅಂಕಿಯನ್ನು ಪ್ರಕಟಿಸಿದರು. ಪಶ್ಚಿಮದ ಲ್ಯಾಬುಗಳಲ್ಲಿ ಎಷ್ಟು ಸಲ ಅಳೆದರೂ ಆ ಅಂಕಿ ಬರಲಿಲ್ಲ. ಸುಮಾರು 20 ವರ್ಷ ಹೀಗೇ ಕಳೆಯಿತು. ರಷ್ಯದವರ ಲೆಕ್ಕವೇ ತಪ್ಪಿರಬೇಕು ಅಂತ ಅನುಮಾನವೂ ಹುಟ್ಟಿತು.

1990ರ ದಶಕದ ಕೊನೆಗೆ ಮಾಸ್ಕೋ ತಂಡದ ಒಬ್ಬರು ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿನವರ ಪಕ್ಕದಲ್ಲೇ ನಿಂತು ಕೆಲಸ ಮಾಡಿದರು. ಗ್ಲಾಸ್ಗೋದವರೂ ಮಾಸ್ಕೋಗೆ ಹೋಗಿ ಬಂದರು. 1999ರ ಹೊತ್ತಿಗೆ ಗ್ಲಾಸ್ಗೋದಲ್ಲೂ ಆ ಅಂಕಿ ಬಂತು.

ನಡುವೆ ಏನಾಯಿತು? ಹರಳನ್ನು ನಿರ್ವಾತದಲ್ಲಿ ಒಂದು ತೆಳು ದಾರದ ಕುಣಿಕೆಯಲ್ಲಿ ತೂಗುಹಾಕಬೇಕು. ಆ ದಾರಕ್ಕೆ ಒಂದು ಚೂರು ಜಿಡ್ಡು ಸವರಬೇಕು. ಜಾಸ್ತಿಯಾದರೂ ಅಳತೆ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಮಾಸ್ಕೋದಿಂದ ಬಂದವರು ದಾರವನ್ನು ತಮ್ಮ ಮೂಗಿನ ಮೇಲೆ, ಇಲ್ಲವೇ ಕಿವಿಯ ಹಿಂದೆ ಎಳೆದುಕೊಳ್ಳುತ್ತಿದ್ದರು. ಚರ್ಮದ ಜಿಡ್ಡು ಎಷ್ಟು ಅಂಟುತ್ತದೋ ಅಷ್ಟೇ ಸಾಕು. ಯಾವ ದಾರ ಒಳ್ಳೆಯದು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಬೇಸರಪಡದೆ ಮತ್ತೆ ಶುರು ಮಾಡಬೇಕು, ಇವೆಲ್ಲ ಜೊತೆಗಿದ್ದಾಗ ಮಾತ್ರ ತಿಳಿದವು. ಇದನ್ನು ಹತ್ತಿರದಿಂದ ಗಮನಿಸಿ ದಾಖಲಿಸಿದವರು ಹ್ಯಾರಿ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞ.

ಕಾಲಿನ್ಸ್ ಇದಕ್ಕೂ ಮೊದಲು, 1970ರ ದಶಕದ ಶುರುವಿನಲ್ಲಿ, ಒಂದು ಹೊಸ ಬಗೆಯ ಲೇಸರ್ ಕಟ್ಟುತ್ತಿದ್ದ ಬ್ರಿಟನ್ನಿನ ಲ್ಯಾಬುಗಳನ್ನು ಸುತ್ತಿದ್ದರು. ಬರೀ ಪ್ರಬಂಧ ಓದಿಕೊಂಡು ಲೇಸರ್ ಕಟ್ಟಿ ಗೆದ್ದವರು ಅವರಿಗೆ ಒಬ್ಬರೂ ಸಿಗಲಿಲ್ಲ. ಗೆದ್ದವರೆಲ್ಲ ಆಗಲೇ ಲೇಸರ್ ಕಟ್ಟಿದ್ದ ಯಾರದೋ ಜೊತೆ ಒಡನಾಟ ಇದ್ದವರು. ಕೆಪಾಸಿಟರಿನಿಂದ ಹೋಗುವ ವೈರು ಗಿಡ್ಡ ಇರಬೇಕು ಅನ್ನುವಂಥ ಸಣ್ಣ ಸಂಗತಿಗಳೇ ಇಡೀ ಕೆಲಸವನ್ನು ಕೆಡಿಸುತ್ತಿದ್ದವು. ಕಟ್ಟಿದವರು ಅದನ್ನು ಮುಚ್ಚಿಟ್ಟಿರಲಿಲ್ಲ. ಅದು ಮುಖ್ಯ ಅಂತ ಅವರಿಗೇ ಗೊತ್ತಿರಲಿಲ್ಲ.

ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ. ಸಂಶೋಧನೆ ಪುಸ್ತಕವಾದ ಕೂಡಲೇ ಪಕ್ಕದ ಸೀಮೆಗೆ ತಲುಪಿಬಿಟ್ಟಿತು ಅಂತ ನಾವು ಅಂದುಕೊಳ್ಳುತ್ತೇವೆ. ಸುದ್ದಿ ತಲುಪುತ್ತದೆ, ನಿಜ. ಆದರೆ ಆ ಕೆಲಸವನ್ನು ಮಾಡಿ ತೋರಿಸುವ ತಿಳಿವಳಿಕೆಯನ್ನು ಮನುಷ್ಯರೇ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಅದು ಮೊದಲು ಹತ್ತಿರದವರಿಗೆ ಸಿಗುತ್ತದೆ. ಹತ್ತಿರ ಅಂದರೆ ಎಷ್ಟು ಹತ್ತಿರ, ಹತ್ತಿರವಿದ್ದರೂ ಕೆಲವರಿಗೆ ಯಾಕೆ ಸಿಗುವುದಿಲ್ಲ ಅನ್ನುವುದನ್ನು ನೋಡೋಣ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಇದನ್ನು ಬರೆದಿದ್ದರು. ಒಂದೇ ಕಸುಬಿನವರು ಒಂದೇ ಕಡೆ ನೆಲೆಸಿದರೆ ಆ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ಗಾಳಿಯಲ್ಲಿ ತೇಲುತ್ತಿದೆಯೇನೋ ಅನ್ನುವ ಹಾಗೆ ಮಕ್ಕಳೂ ಗೊತ್ತಿಲ್ಲದೆ ಕಲಿತುಬಿಡುತ್ತಾರೆ ಅಂತ. ಮಾತು ಚೆನ್ನಾಗಿದೆ. ಆದರೆ ಗಾಳಿಯಲ್ಲಿರುವುದನ್ನು ಅಳೆಯುವುದು ಹೇಗೆ? ಸುಮಾರು ನೂರು ವರ್ಷ ಯಾರಿಗೂ ಒಳ್ಳೆಯ ಉಪಾಯ ಹೊಳೆಯಲಿಲ್ಲ.

ಆ್ಯಡಮ್ ಜಾಫೆ, ಮಾನುಯೆಲ್ ಟ್ರಾಯ್ಟೆನ್‌ಬರ್ಗ್, ರೆಬೆಕಾ ಹೆಂಡರ್ಸನ್ ಎಂಬ ಮೂವರು 1993ರಲ್ಲಿ ಒಂದು ದಾರಿ ತೋರಿಸಿದರು. ಪ್ರತಿ ಪೇಟೆಂಟಿನಲ್ಲೂ ಅದು ಯಾವ ಹಳೆಯ ಪೇಟೆಂಟುಗಳ ಮೇಲೆ ನಿಂತಿದೆ ಅಂತ ಬರೆದಿರುತ್ತದೆ. ತಿಳಿವಳಿಕೆ ನಡೆದು ಹೋದ ಹೆಜ್ಜೆಗುರುತು ಅಂದರೆ ಇದೇ. ಆದರೆ ಒಂದು ತೊಡಕು ಇತ್ತು. ಒಂದು ಊರಿನಲ್ಲಿ ಔಷಧ ಕಂಪನಿಗಳೇ ತುಂಬಿದ್ದರೆ ಅವು ಒಂದನ್ನೊಂದು ಹೆಸರಿಸುವುದು ಸಹಜ. ಅದನ್ನೇ ಹತ್ತಿರದ ಮಹಿಮೆ ಅನ್ನುವ ಹಾಗಿಲ್ಲ. ಅದಕ್ಕೆ ಅವರು ಪ್ರತಿ ಪೇಟೆಂಟಿಗೂ ಒಂದು ಜೋಡಿ ಹುಡುಕಿದರು. ಅದೇ ಕಾಲದ್ದು, ಅದೇ ತಂತ್ರಜ್ಞಾನದ್ದು, ಆದರೆ ಆ ಹಳೆಯ ಪೇಟೆಂಟನ್ನು ಹೆಸರಿಸದೆ ಇರುವುದು. ಎರಡನ್ನೂ ಹೋಲಿಸಿದರು. ಒಂದು ಕಂಪನಿ ತನ್ನದೇ ಹಳೆಯ ಪೇಟೆಂಟನ್ನು ಹೆಸರಿಸಿದ್ದನ್ನೂ ಲೆಕ್ಕದಿಂದ ಬಿಟ್ಟರು. ಇಷ್ಟೆಲ್ಲ ಸೋಸಿದ ಮೇಲೂ ಅದೇ ಊರಿನ, ಅದೇ ರಾಜ್ಯದ ಪೇಟೆಂಟುಗಳೇ ಜಾಸ್ತಿ ಹೆಸರಿಸುತ್ತಿದ್ದವು. ಎಷ್ಟು ಅಚ್ಚುಕಟ್ಟಾದ ಕೆಲಸ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಬಂದವರು ದೂರವನ್ನೇ ಅಳೆಯಲು ಹೊರಟರು. ಲುಕ್ ಆನ್ಸೆಲಿನ್, ಅಟಿಲಾ ವರ್ಗಾ, ಜೋಲ್ಟನ್ ಆ್ಯಕ್ಸ್ 1997ರಲ್ಲಿ ಅಮೆರಿಕದ ನಗರಗಳನ್ನು ತೆಗೆದುಕೊಂಡರು. ವಿಶ್ವವಿದ್ಯಾಲಯದ ಸಂಶೋಧನೆಯ ಪ್ರಭಾವ ನಗರದಿಂದ ಸುಮಾರು 50 ಮೈಲಿ, ಅಂದರೆ 80 ಕಿಲೋಮೀಟರ್ ದೂರದವರೆಗೆ ಕಂಡಿತು. ಒಬ್ಬ ಮನುಷ್ಯ ಬೆಳಗ್ಗೆ ಹೊರಟು, ಯಾರನ್ನಾದರೂ ಭೇಟಿಯಾಗಿ, ಸಂಜೆಗೆ ಮನೆಗೆ ಬರಬಹುದಾದ ದೂರ ಇದು.

ಯುರೋಪಿನ ಲೆಕ್ಕ ನನ್ನನ್ನು ಇನ್ನೂ ಯೋಚನೆಗೆ ಹಚ್ಚಿದೆ. ಲಾರಾ ಬೊಟ್ಟಾಜ್ಜಿ ಮತ್ತು ಜೊವಾನ್ನಿ ಪೆರಿ 2003ರಲ್ಲಿ ಪ್ರಕಟಿಸಿದ್ದು. ಒಂದು ಪ್ರದೇಶ ಸಂಶೋಧನೆಗೆ ಹಾಕುವ ಹಣವನ್ನು ಎರಡು ಪಟ್ಟು ಮಾಡಿತು ಅಂದುಕೊಳ್ಳಿ. ಅದೇ ಪ್ರದೇಶದ ಹೊಸ ಶೋಧಗಳು ಶೇ 80ರಿಂದ 90ರಷ್ಟು ಏರುತ್ತವೆ. 300 ಕಿಲೋಮೀಟರ್ ಒಳಗಿನ ನೆರೆಯ ಪ್ರದೇಶಗಳಲ್ಲಿ ಏರುವುದು ಶೇ 2ರಿಂದ 3ರಷ್ಟು ಮಾತ್ರ. ಅದಕ್ಕಿಂತ ಆಚೆಗೆ ಏನೂ ಕಾಣುವುದಿಲ್ಲ.

ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಒಂದು ಕಡೆ ದೊಡ್ಡ ಸಂಶೋಧನಾ ಸಂಸ್ಥೆ ಕಟ್ಟಿದರೆ ಸುತ್ತಲ ಸೀಮೆಗಳು ತಾವಾಗಿಯೇ ಮೇಲೆ ಬರುತ್ತವೆ ಅಂತ ಎಲ್ಲ ದೇಶಗಳ ಯೋಜನೆಗಳಲ್ಲೂ ಬರೆದಿರುತ್ತಾರೆ. ಈ ಲೆಕ್ಕ ನೋಡಿದರೆ ಹಾಗೆ ಆಗುವುದಿಲ್ಲ. ತುಂಬಿದ ಕೆರೆಯ ಕೋಡಿ ಹರಿದ ಹಾಗೆ ತಿಳಿವಳಿಕೆ ಹರಿಯುವುದಿಲ್ಲ. ಕಾಲುವೆ ತೋಡಬೇಕು. ಆಚೆ ಗದ್ದೆಯವರು ತೂಬು ತೆರೆದುಕೊಂಡು ಕಾದಿರಬೇಕು.

ಕಾಲುವೆ ಅಂದರೆ ಏನು ಅಂತ ಕೇಳಿದರೆ ನಾನು ಮೊದಲು ಹೇಳುವುದು ಕೆಲಸ ಬದಲಿಸುವ ಜನ. ಇದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದು ಪಾಠ ಸಿಗುತ್ತದೆ. ಕೆಲಸ ಬಿಟ್ಟ ಮೇಲೆ ಎದುರಾಳಿ ಕಂಪನಿ ಸೇರಕೂಡದು ಅಂತ ಮಾಲೀಕರು ಕರಾರು ಬರೆಸಿಕೊಳ್ಳುತ್ತಾರೆ. ಮಿಷಿಗನ್‌ನಲ್ಲಿ 1905ರ ಕಾನೂನಿನ ಪ್ರಕಾರ ಅಂಥ ಕರಾರಿಗೆ ಬೆಲೆ ಇರಲಿಲ್ಲ. 1985ರಲ್ಲಿ ವ್ಯಾಪಾರದ ಏಕಸ್ವಾಮ್ಯ ತಡೆಯುವ ಹೊಸ ಕಾನೂನು ತಂದಾಗ ಹಳೆಯದನ್ನು ತೆಗೆದುಹಾಕಿದರು. ಅದರ ಜೊತೆ ಈ ರಕ್ಷಣೆಯೂ ಹೋಯಿತು. ಬೇಕು ಅಂತ ಮಾಡಿದ್ದಲ್ಲ. ಮ್ಯಾಟ್ ಮಾರ್ಕ್ಸ್ ಮತ್ತು ಅವರ ಜೊತೆಗಾರರು ಅದರ ಹಿಂದಿನ, ಮುಂದಿನ ಪೇಟೆಂಟುಗಳನ್ನು ತೆಗೆದು ನೋಡಿದರು. ಮಿಷಿಗನ್‌ನ ಸಂಶೋಧಕರು ಕಂಪನಿಯಿಂದ ಕಂಪನಿಗೆ ಹೋಗುವುದು ಕಡಿಮೆಯಾಗಿತ್ತು. ಅಂಥ ಕರಾರಿಗೆ ಬೆಲೆ ಕೊಡದ ಬೇರೆ ರಾಜ್ಯಗಳಿಗೆ ಹೊರಟುಹೋಗುವವರು ಜಾಸ್ತಿಯಾಗಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ಇಂಥ ಕರಾರು ನಡೆಯುವುದಿಲ್ಲ. ಅಲ್ಲಿನ ಎಲೆಕ್ಟ್ರಾನಿಕ್ಸ್ ಕಂಪನಿಗಳು ಒಂದರಿಂದ ಒಂದು ಕವಲೊಡೆದು ಬೆಳೆದದ್ದಕ್ಕೆ ಇದೂ ಒಂದು ಕಾರಣ ಅಂತ ಹಲವರು ವಾದಿಸಿದ್ದಾರೆ. ನನಗೂ ಆ ವಾದ ಸರಿ ಅನ್ನಿಸುತ್ತದೆ.

ಒಂದೇ ಕಟ್ಟಡದ ಒಳಗೂ ಇದು ನಡೆಯುತ್ತದೆ. ಪ್ಯಾರಿಸ್ಸಿನ ಜ್ಯೂಸಿಯೂ ಕ್ಯಾಂಪಸ್ಸಿನ ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ ತೆಗೆಯುವ ಕೆಲಸ 1990ರ ದಶಕದ ಕೊನೆಗೆ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಲ್ಯಾಬುಗಳನ್ನು ಜಾಗ ಸಿಕ್ಕ ಕಡೆ ಸಾಗಿಸಿದರು. ಯಾರ ಪಕ್ಕ ಯಾರು ಅಂತ ಆರಿಸಿಕೊಳ್ಳುವ ಅವಕಾಶ ಇರಲಿಲ್ಲ. ಕ್ರಿಶ್ಚಿಯನ್ ಕಟಲಿನಿ ಎಂಬ ಸಂಶೋಧಕ ಆ ವರ್ಷಗಳ ಪ್ರಬಂಧಗಳನ್ನು ಜೋಡಿಸಿ ನೋಡಿದರು. ಅಕ್ಕಪಕ್ಕ ಬಂದ ಲ್ಯಾಬುಗಳು ಜೊತೆಯಾಗಿ ಕೆಲಸ ಮಾಡುವುದು ಎದ್ದು ಕಾಣುವಷ್ಟು ಏರಿತ್ತು. ಒಂದೇ ಕ್ಯಾಂಪಸ್, ಒಂದೇ ಲೈಬ್ರರಿ. ಆದರೂ ಕಾರಿಡಾರಿನಲ್ಲಿ ಎದುರಾಗುವವರೇ ಬೇರೆ, ಆಚೆ ಕಟ್ಟಡದವರೇ ಬೇರೆ.

ಈಗ ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್. ತಾಮ್ರ ಮತ್ತು ತವರದ ಗಣಿಗಳ ಸೀಮೆ. ಗಣಿ ಆಳವಾದಷ್ಟೂ ನೀರು ತುಂಬುತ್ತದೆ. ಎತ್ತಿ ಹಾಕಲು ಉಗಿ ಎಂಜಿನ್ ಬೇಕು. ಎಂಜಿನ್ನಿಗೆ ಕಲ್ಲಿದ್ದಲು ಬೇಕು. ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲು ಇಲ್ಲ. ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕು. ಹಾಗಾಗಿ ಒಂದೊಂದು ಬುಟ್ಟಿ ಕಲ್ಲಿದ್ದಲೂ ಲೆಕ್ಕಕ್ಕೆ ಬರುತ್ತಿತ್ತು.

ಜೇಮ್ಸ್ ವ್ಯಾಟ್ ಅವರ ಪೇಟೆಂಟು 1769ರದ್ದು. ಅದನ್ನು 1800ರವರೆಗೂ ವಿಸ್ತರಿಸಿದ್ದರು. ವ್ಯಾಟ್ ಎಂಜಿನ್ ಹಾಕಿಸಿಕೊಂಡರೆ ಹಳೆಯ ಎಂಜಿನ್ನಿಗೆ ಹೋಲಿಸಿ ಉಳಿಯುವ ಕಲ್ಲಿದ್ದಲಿನ ಬೆಲೆಯಲ್ಲಿ ಮೂರರಲ್ಲೊಂದು ಭಾಗ ಬೋಲ್ಟನ್ ಮತ್ತು ವ್ಯಾಟ್ ಕಂಪನಿಗೆ ಕೊಡಬೇಕಿತ್ತು. ಕಾರ್ನ್‌ವಾಲಿನ ಎಂಜಿನಿಯರುಗಳು ತಮ್ಮದೇ ಸುಧಾರಣೆ ಮಾಡಲು ಹೊರಟರೆ ಕೋರ್ಟಿಗೆ ಎಳೆಯುತ್ತಿದ್ದರು. ಜೊನಾಥನ್ ಹಾರ್ನ್‌ಬ್ಲೋವರ್, ಎಡ್ವರ್ಡ್ ಬುಲ್ ಇಬ್ಬರೂ ಹೀಗೆ ಸಿಕ್ಕಿಕೊಂಡವರು. 1800ರಲ್ಲಿ ಪೇಟೆಂಟ್ ಮುಗಿಯಿತು, ಕಂಪನಿ ತನ್ನ ಜನರನ್ನು ವಾಪಸ್ ಕರೆಸಿಕೊಂಡಿತು. ಎಂಜಿನ್‌ಗಳ ಕೆಲಸ ಸುಧಾರಿಸಿತಾ? ಇಲ್ಲ. ನೋಡಿಕೊಳ್ಳುವವರಿಲ್ಲದೆ ಇನ್ನೂ ಹಾಳಾಯಿತು.

1811ರಲ್ಲಿ ಗಣಿಗಳ ಉಸ್ತುವಾರಿ ನೋಡುವವರು ಸೇರಿ ಒಂದು ತೀರ್ಮಾನ ಮಾಡಿದರು. ಅವರನ್ನು ಅಲ್ಲಿ ಕ್ಯಾಪ್ಟನ್ ಅಂತ ಕರೆಯುತ್ತಿದ್ದರು. ಅವರಲ್ಲಿ ಎಲ್ಲರೂ ನಂಬುವ ಜೋಯೆಲ್ ಲೀನ್ ಅವರಿಗೆ ಒಂದು ಕೆಲಸ ಒಪ್ಪಿಸಿದರು. ತಿಂಗಳು ತಿಂಗಳೂ ಪ್ರತಿ ಎಂಜಿನ್ನಿನ ಲೆಕ್ಕ ತೆಗೆದು ಅಚ್ಚು ಹಾಕಿಸುವುದು. ಎಂಜಿನ್ ಯಾವ ಗಣಿಯದು, ಅದರ ಅಳತೆ ಏನು, ನೋಡಿಕೊಳ್ಳುವ ಎಂಜಿನಿಯರ್ ಯಾರು, ಒಂದು ಬುಷೆಲ್ ಕಲ್ಲಿದ್ದಲಿಗೆ ಎಷ್ಟು ಪೌಂಡ್ ನೀರನ್ನು ಒಂದು ಅಡಿ ಎತ್ತಿತು. ಈ ಕೊನೆಯ ಅಂಕಿಗೆ ‘ಡ್ಯೂಟಿ’ ಅಂತ ಹೆಸರು.

ಒಂದು ಗಣಿಯ ಕ್ಯಾಪ್ಟನ್ ಆ ಹಾಳೆ ಕೈಗೆ ತೆಗೆದುಕೊಂಡ ಹೊತ್ತನ್ನು ನಾನು ಆಗಾಗ ಕಣ್ಣಮುಂದೆ ತಂದುಕೊಳ್ಳುತ್ತೇನೆ. ತನ್ನ ಎಂಜಿನ್ನಿನ ಹೆಸರಿನ ಮುಂದೆ 2 ಕೋಟಿ. ಗುಡ್ಡದಾಚೆಯ ಗಣಿಯ ಮುಂದೆ 3 ಕೋಟಿ. ಅದೇ ಕಲ್ಲಿದ್ದಲು, ಅದೇ ಬಗೆಯ ಬಾವಿ. ಹಾಗಾದರೆ ಅವರು ಏನು ಮಾಡುತ್ತಿದ್ದಾರೆ? ಹೋಗಿ ನೋಡಬಹುದು. ಹತ್ತಿರವೇ ಇದೆ. ಉಗಿಯ ಒತ್ತಡ ಹೆಚ್ಚಿಸಿದ್ದಾರೆ. ಸಿಲಿಂಡರಿಗೂ ಕೊಳವೆಗೂ ಶಾಖ ಸೋರದ ಹಾಗೆ ಹೊದಿಕೆ ಹಾಕಿದ್ದಾರೆ. ಅದೇ ಎಂಜಿನಿಯರನ್ನು ತನ್ನ ಗಣಿಗೂ ಕರೆಸಬಹುದು. ಅಲ್ಲಿನ ಎಂಜಿನಿಯರುಗಳು ಒಂದೇ ಗಣಿಗೆ ಕಟ್ಟುಬಿದ್ದವರಲ್ಲ, ಹಲವು ಗಣಿ ನೋಡಿಕೊಳ್ಳುತ್ತಿದ್ದರು. ಹಣ ಹಾಕಿದವರೂ ಹಾಗೆಯೇ, ಹಲವು ಗಣಿಗಳಲ್ಲಿ ಪಾಲು ಇಟ್ಟವರು. ಪಕ್ಕದ ಗಣಿ ಉದ್ಧಾರವಾದರೆ ಅವರಿಗೂ ಲಾಭವೇ. ಹೀಗಾಗಿ ಮುಚ್ಚಿಡುವುದರಲ್ಲಿ ಯಾರಿಗೂ ಹೆಚ್ಚಿನ ಪ್ರಯೋಜನ ಇರಲಿಲ್ಲ. ಪೇಟೆಂಟಿನ ಕಹಿ ಅನುಭವ ಇದ್ದ ಸೀಮೆಯಲ್ಲಿ ಪೇಟೆಂಟ್ ಮಾಡಿಸುವ ಉತ್ಸಾಹವೂ ಅಷ್ಟಾಗಿ ಉಳಿದಿರಲಿಲ್ಲ.

ಫಲ ಏನಾಯಿತು? ವರದಿ ಶುರುವಾದ ಹೊತ್ತಿಗೆ ಸರಾಸರಿ ಡ್ಯೂಟಿ 2 ಕೋಟಿಯ ಆಸುಪಾಸು. 1840ರ ದಶಕಕ್ಕೆ ಅದು ಮೂರು ಪಟ್ಟಿನ ಹತ್ತಿರ ಬಂದಿತ್ತು. 1835ರಲ್ಲಿ ಫೋವೀ ಕನ್ಸಾಲ್ಸ್ ಗಣಿಯ ಒಂದು ಎಂಜಿನ್ ಪರೀಕ್ಷೆಯಲ್ಲಿ 12.5 ಕೋಟಿ ಮುಟ್ಟಿತು. ರಿಚರ್ಡ್ ಟ್ರೆವಿಥಿಕ್, ಆರ್ಥರ್ ವುಲ್ಫ್ ಅವರಂಥ ದೊಡ್ಡ ಹೆಸರುಗಳು ಈ ಕಥೆಯಲ್ಲಿವೆ. ಆದರೆ ಇಷ್ಟೂ ಏರಿಕೆ ಅವರಿಬ್ಬರದೇ ಅಲ್ಲ. ಸಣ್ಣ ಸಣ್ಣ ತಿದ್ದುಪಡಿಗಳು ಗಣಿಯಿಂದ ಗಣಿಗೆ ಹೋಗಿ, ಅಲ್ಲಿ ಮತ್ತೊಂದು ತಿದ್ದುಪಡಿ ಸೇರಿ, ವಾಪಸ್ ಬಂದವು. ಇತಿಹಾಸಕಾರ ಅಲೆಸ್ಸಾಂಡ್ರೊ ನುವೊಲಾರಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ನೆರೆಯವರಿಂದ ಕಲಿಯುವುದಕ್ಕೆ ನೆರೆಯಲ್ಲಿದ್ದರೆ ಸಾಲದು ಅಂತ ಆಗಲೇ ಹೇಳಿದೆ. ಕಲಿಯುವವರಿಗೆ ತಮ್ಮದೂ ಒಂದಿಷ್ಟು ಕೆಲಸ ಗೊತ್ತಿರಬೇಕು. ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂಥಾಲ್ 1990ರಲ್ಲಿ ಹೇಳಿದ್ದು ಇದನ್ನೇ. ಸಂಶೋಧನೆಗೆ ಹಣ ಹಾಕುವ ಕಂಪನಿಗೆ ಎರಡು ಲಾಭ. ಒಂದು, ತನ್ನದೇ ಹೊಸ ಶೋಧ. ಎರಡು, ಬೇರೆಯವರು ಕಂಡುಹಿಡಿದದ್ದನ್ನು ಗುರುತಿಸಿ ಬಳಸುವ ಬುದ್ಧಿ. ಈ ಎರಡನೆಯದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಪಕ್ಕದವರು ಮಾಡುತ್ತಿದ್ದಾರಲ್ಲ, ನಮಗ್ಯಾಕೆ ಸುಮ್ನೆ ಇನ್ನೊಂದು ಲ್ಯಾಬ್’ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಲ್ಯಾಬ್ ಇಲ್ಲದಿದ್ದರೆ ಪಕ್ಕದವರು ಮಾಡಿದ್ದು ಏನು ಅಂತ ನಮಗೆ ತಿಳಿಯುವುದೂ ಇಲ್ಲ.

ಅಮೆರಿಕದ ಹೈಬ್ರಿಡ್ ಜೋಳ ಇದಕ್ಕೆ ಒಳ್ಳೆಯ ಉದಾಹರಣೆ. ನಾವು ಮುಸುಕಿನ ಜೋಳ ಅನ್ನುತ್ತೇವಲ್ಲ, ಅದು. ಅಯೊವಾ ರಾಜ್ಯದಲ್ಲಿ 1930ರ ದಶಕದಲ್ಲಿ ಕೆಲವೇ ವರ್ಷಗಳಲ್ಲಿ ಹೆಚ್ಚು ಕಡಿಮೆ ಎಲ್ಲ ಹೊಲಕ್ಕೂ ಹಬ್ಬಿತು. ಅಲಬಾಮಾದಲ್ಲಿ ಬಹಳ ತಡವಾಯಿತು. ಅಲಬಾಮಾದ ರೈತರು ದಡ್ಡರು ಅಂತಲ್ಲ. ಹೈಬ್ರಿಡ್ ಅಂದರೆ ಒಂದು ಬೀಜವಲ್ಲ, ಬೀಜ ಮಾಡುವ ವಿಧಾನ ಅಂತ ಸ್ವಿ ಗ್ರಿಲಿಕಸ್ 1957ರಲ್ಲಿ ತೋರಿಸಿದರು. ಅಯೊವಾದ ಬೀಜ ಅಲಬಾಮಾದ ನೆಲಕ್ಕೆ ಆಗುವುದಿಲ್ಲ. ಆ ನೆಲಕ್ಕೆ, ಆ ಹವೆಗೆ ಹೊಂದುವ ತಳಿಯನ್ನು ಯಾರಾದರೂ ಅಲ್ಲಿಗೇ ಅಂತ ಮಾಡಿಕೊಡಬೇಕು. ಅಯೊವಾದ ಒಳಗೆ ಹಬ್ಬಿದ ರೀತಿಯೂ ಗಮನಿಸುವಂಥದ್ದು. ಬ್ರೈಸ್ ರಯನ್ ಮತ್ತು ನೀಲ್ ಗ್ರಾಸ್ ಅಲ್ಲಿನ ಎರಡು ಊರುಗಳ ರೈತರನ್ನು ಮಾತಾಡಿಸಿ 1943ರಲ್ಲಿ ಬರೆದರು. ಹೊಸ ಬೀಜದ ಸುದ್ದಿಯನ್ನು ಮೊದಲು ತಂದವರು ಹೆಚ್ಚಾಗಿ ಬೀಜ ಮಾರುವವರು. ಆದರೆ ಬಿತ್ತುವಷ್ಟು ನಂಬಿಕೆ ಹುಟ್ಟಿಸಿದ್ದು ಪಕ್ಕದ ಹೊಲದವರು.

ದೇಶದ ಗಡಿ ನಡುವೆ ಬಂದರೆ ಹತ್ತಿರವೂ ದೂರವಾಗುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೂ ಸ್ವೀಡನ್ನಿನ ಮಾಲ್ಮೊ, ಲುಂಡ್ ನಗರಗಳಿಗೂ ನಡುವೆ ಒಂದು ಕಿರಿದಾದ ಸಮುದ್ರ ಅಷ್ಟೇ. 2000ನೇ ಇಸವಿಯಲ್ಲಿ ಸೇತುವೆ ಮತ್ತು ಸುರಂಗ ಸೇರಿ ಸುಮಾರು 16 ಕಿಲೋಮೀಟರಿನ ದಾರಿ ತೆರೆಯಿತು. ಎರಡೂ ದಡದ ವಿಶ್ವವಿದ್ಯಾಲಯಗಳು, ಔಷಧ ಕಂಪನಿಗಳು, ಆಸ್ಪತ್ರೆಗಳು ಸೇರಿ ಮೆಡಿಕಾನ್ ವ್ಯಾಲಿ ಅಂತ ಒಂದೇ ಹೆಸರಿಟ್ಟುಕೊಂಡಿವೆ. ಆದರೆ 2016ರ ಜನವರಿಯಲ್ಲಿ ಗುರುತಿನ ಚೀಟಿ ತಪಾಸಣೆ ಶುರುವಾದಾಗ ದಿನಾ ರೈಲಿನಲ್ಲಿ ಓಡಾಡುವವರ ಪ್ರಯಾಣ ಉದ್ದವಾಯಿತು. ಸೇತುವೆ ಕಟ್ಟುವವರು ಬೇರೆ, ಗಡಿಯ ನಿಯಮ ಬರೆಯುವವರು ಬೇರೆ. ತೆರಿಗೆ ಎಲ್ಲಿ ಕಟ್ಟಬೇಕು, ಓದಿದ ಡಿಗ್ರಿಗೆ ಆಚೆ ದಡದಲ್ಲಿ ಬೆಲೆ ಇದೆಯಾ, ಇಂಥ ಪ್ರಶ್ನೆಗಳು ನೀರಿಗಿಂತ ಅಗಲವಾಗಬಲ್ಲವು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು. ಈಗ ಎಲ್ಲ ಇಂಟರ್ನೆಟ್ಟಿನಲ್ಲಿ ಸಿಗುವಾಗ ಇದೆಲ್ಲ ಹಳೆಯ ಮಾತಲ್ವಾ ಅಂತ. ಒಳ್ಳೆಯ ಪ್ರಶ್ನೆ. ಇಂಟರ್ನೆಟ್ ಬಂದು ಎಷ್ಟೋ ಕಾಲ ಆದಮೇಲೂ ಅಮೆರಿಕದಲ್ಲಿ ಅಗ್ಗದ ವಿಮಾನ ಶುರುವಾದ ಊರುಗಳ ನಡುವೆ ವಿಜ್ಞಾನಿಗಳ ಜಂಟಿ ಕೆಲಸ ಏರಿದ್ದನ್ನು ಅದೇ ಕಟಲಿನಿ ಮತ್ತು ಜೊತೆಗಾರರು ತೋರಿಸಿದ್ದಾರೆ. ಊರು ಬಿಟ್ಟು ಹೋದವರ ಕೆಲಸವನ್ನು ಹಳೆಯ ಊರಿನವರು ಆಮೇಲೂ ಹೆಚ್ಚಾಗಿ ಬಳಸುತ್ತಾರೆ ಅಂತ ಅಜಯ್ ಅಗ್ರವಾಲ್ ಮತ್ತು ಜೊತೆಗಾರರು 2006ರಲ್ಲಿ ಬರೆದರು. ಅಂದರೆ ಒಮ್ಮೆ ಹುಟ್ಟಿದ ಒಡನಾಟವನ್ನು ದೂರ ಪೂರ್ತಿ ಅಳಿಸುವುದಿಲ್ಲ. ಫೋನು, ಇ-ಮೇಲು ಅಂಥ ಒಡನಾಟವನ್ನು ಚೆನ್ನಾಗಿ ಕಾಪಾಡುತ್ತವೆ. ಹುಟ್ಟಿಸುವುದು ಕಷ್ಟ.

ಕಾರ್ನ್‌ವಾಲಿನ ಕಥೆಯಲ್ಲಿ ಒಂದು ಭಾಗ ಹೇಳದೆ ಉಳಿಸಿದ್ದೆ. ಲೀನ್ ಅವರ ವರದಿ ಗುಟ್ಟಿನದಲ್ಲ, ಅಚ್ಚಾದದ್ದು. ಇಂಗ್ಲೆಂಡಿನ ಬೇರೆ ಕಡೆಯ ಎಂಜಿನಿಯರುಗಳೂ ಅದನ್ನು ಓದಬಹುದಿತ್ತು. ಆದರೆ ಅನೇಕರು ಆ ಅಂಕಿಗಳನ್ನು ನಂಬಲಿಲ್ಲ. ಇಷ್ಟು ಕಡಿಮೆ ಕಲ್ಲಿದ್ದಲಿಗೆ ಅಷ್ಟು ನೀರು ಸಾಧ್ಯವಿಲ್ಲ ಅಂದರು. ಕಲ್ಲಿದ್ದಲು ಅಗ್ಗವಾಗಿದ್ದ ಸೀಮೆಗಳಿಗೆ ಅದರ ಜರೂರೂ ಅಷ್ಟಿರಲಿಲ್ಲ. ಕೊನೆಗೆ 1830ರ ದಶಕದಲ್ಲಿ ಥಾಮಸ್ ವಿಕ್‌ಸ್ಟೀಡ್ ಎಂಬ ಎಂಜಿನಿಯರ್, ಪೂರ್ವ ಲಂಡನ್ನಿಗೆ ನೀರು ಕೊಡುವ ಕಂಪನಿಯವರು, ತಾವೇ ಕಾರ್ನ್‌ವಾಲಿಗೆ ಹೋದರು. ಎಂಜಿನ್ ಓಡುವುದನ್ನು ನಿಂತು ನೋಡಿದರು. ಅಲ್ಲಿಂದ ಒಂದು ಎಂಜಿನ್ ಕೊಂಡು ಲಂಡನ್ನಿನ ಓಲ್ಡ್ ಫೋರ್ಡ್‌ನಲ್ಲಿ ನಿಲ್ಲಿಸಿದರು. ಪರೀಕ್ಷೆ ಮಾಡಿ ಅಂಕಿಗಳನ್ನು ಪ್ರಕಟಿಸಿದರು. ಆಮೇಲೆ ಬೇರೆ ನೀರಿನ ಕಂಪನಿಗಳೂ ಕಾರ್ನ್‌ವಾಲ್ ಎಂಜಿನ್ ಹಾಕಿಸಿಕೊಳ್ಳತೊಡಗಿದವು. ಅಷ್ಟು ಹೊತ್ತಿಗೆ ಲೀನ್ ವರದಿ ಅಚ್ಚಾಗಲು ಶುರುವಾಗಿ 25 ವರ್ಷ ಕಳೆದಿತ್ತು.